ಪದ್ಯ ಕೇಳುವ ಕಿವಿ

ಸಂಜೆ ತಡವಾಗಿ ಮನೆಗೆ ಬಂದ ಮಗನನ್ನು ಕಂಡು ತಾಯಿ "ಬಂದೆಯಾ?" ಎನ್ನುತ್ತಾಳೆ. ಆ ಒಂದು ಮಾತಿನಲ್ಲಿ ಸಮಾಧಾನವಿರಬಹುದು, ಸಿಟ್ಟಿರಬಹುದು, ಕಾದು ಸೋತ ಬೇಸರವೂ ಇರಬಹುದು. ಯಾವುದೆಂದು ತಿಳಿಯಲು ಮಗನಿಗೆ ನಿಘಂಟು ಬೇಕಿಲ್ಲ. ಕವಿತೆಯ ವಾಚನ ಕೇಳುವಾಗ ಬೇಕಾದದ್ದೂ ಇದೇ ಕಿವಿ. ತರಗತಿಯಲ್ಲಿ ಮಾತ್ರ ನಾವು ಅದನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಬರೀ ಪದಗಳ ಅರ್ಥ ಹುಡುಕುತ್ತ ಕೂರುತ್ತೇವೆ.

ಹೇಳುವವನ ಮಾತಿನ ವರಸೆಯನ್ನು ಧಾಟಿ ಎನ್ನೋಣ. ಅದನ್ನು ಕೇಳಿದವರ ಮನಸ್ಸಿನಲ್ಲಿ ಮೂಡುವುದು ಭಾವ. ಇವೆರಡೂ ಒಂದೇ ಆಗಿರಬೇಕೆಂದೇನೂ ಇಲ್ಲ. ಕುಮಾರವ್ಯಾಸ ಭಾರತದ ವಿರಾಟಪರ್ವದಲ್ಲಿ ಉತ್ತರಕುಮಾರ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಳ್ಳುತ್ತಾನೆ. ಧಾಟಿ ವೀರನದು, ನಮಗೆ ಬರುವುದು ನಗು. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಬಳಿ ಕುಳ್ಳಿರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಧಾಟಿಯಲ್ಲಿ ನಂಟನ ಅಕ್ಕರೆಯಿದೆ. ನಮ್ಮ ಎದೆಯೋ ಭಾರವಾಗುತ್ತದೆ, ಏಕೆಂದರೆ ಆ ಸವಿಮಾತು ಕರ್ಣನ ಬಾಳನ್ನೇ ಕದಡಲು ಬಂದದ್ದೆಂದು ನಾವು ಬಲ್ಲೆವು.

ಸ್ವಾರಸ್ಯವೆಂದರೆ ಎರಡರ ಛಂದಸ್ಸೂ ಭಾಮಿನಿ ಷಟ್ಪದಿಯೇ. 3, 4, 3, 4 ಮಾತ್ರೆಗಳ ಅದೇ ನಡಿಗೆ. ಹಾಗಾದರೆ ವ್ಯತ್ಯಾಸ ಕಿವಿಗೆ ಕೇಳುವುದು ಹೇಗೆ? ಒಳ್ಳೆಯ ಗಮಕಿಯನ್ನು ಗಮನಿಸಿ. ಗಮಕಕ್ಕೆ ತಾಳದ ಕಟ್ಟಿಲ್ಲ. ಸಾಹಿತ್ಯವೇ ಮುಂದು, ರಾಗ ಅದರ ಹಿಂದೆ. ಉತ್ತರನ ಮಾತಿಗೆ ದನಿ ಏರುತ್ತದೆ, ಪದಗಳು ದುಡುಕುತ್ತವೆ. ಕರ್ಣನ ಸರದಿ ಬಂದಾಗ ರಾಗ ಬದಲಾಗಿ ದನಿ ತಗ್ಗುತ್ತದೆ, ದೀರ್ಘಾಕ್ಷರ ಇನ್ನಷ್ಟು ದೀರ್ಘವಾಗುತ್ತದೆ, ಸಾಲಿನ ನಡುವೆ ಒಂದು ಮೌನ ಬೀಳುತ್ತದೆ. ಆ ಮೌನ ಎಲ್ಲಿ ಬಿತ್ತೆಂದು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಎಲ್ಲ ಪದ್ಯಗಳನ್ನೂ ಒಂದೇ ರಾಗಕ್ಕೆ ಕಟ್ಟಿ ಹಾಡಿ ಬಹುಮಾನ ಪಡೆಯುವವರುಂಟು. ಕಂಠ ಎಷ್ಟೇ ಇಂಪಾಗಿರಲಿ, ಕರ್ಣನೂ ಉತ್ತರನೂ ಒಂದೇ ಆಗಿ ಕೇಳಿಸಿದರೆ ಅದು ವಾಚನವಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಅನುಕೂಲವಿದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇದನ್ನು ಕೊರತೆಯೆಂದು ಭಾವಿಸಿ ವಾಚನಕ್ಕೆ ಹಿಂಜರಿಯುವವರೂ ಇದ್ದಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ಎರಡೂ ಭಾಷೆಗಳಲ್ಲಿ ಪದ ಕಟ್ಟಿದವರು. ತೆಲುಗು ಅಷ್ಟಾಗಿ ತಿಳಿಯದವನೂ ಭಜನೆಯಲ್ಲಿ ಅವರ ತೆಲುಗು ಪದ ಕೇಳಿ, ಇದು ಮೊರೆಯೋ ಗದರಿಕೆಯೋ ಎಂದು ಬಹುಮಟ್ಟಿಗೆ ಊಹಿಸಬಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಕಿವಿ ಧಾಟಿಯನ್ನು ಬೇಗ ಹಿಡಿಯುತ್ತದೆಂದೇ ನನ್ನ ನಂಬಿಕೆ. ಆದರೆ ಊಹೆಯಲ್ಲೇ ನಿಲ್ಲುವಂತಿಲ್ಲ. ಇಂಪಾದ ರಾಗದೊಳಗೆ ಕಟುವಾದ ಮಾತು ಅಡಗಿರಬಹುದು. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆಂದು ಪದ್ಯವನ್ನೇ ಕೇಳಬೇಕು.

ಮುಂದಿನ ಸಲ ಕಿರುತೆರೆಯಲ್ಲಿ ವಾಚನ ಬಂದಾಗ ಕಣ್ಣು ಮುಚ್ಚಿ ಕೇಳಿ. ಗಮಕಿಯ ಮುಖ ನೋಡಿದರೆ ಗುಟ್ಟು ಮೊದಲೇ ಬಯಲಾಗುತ್ತದೆ. ಮನಸ್ಸಿಗೆ ತೋಚಿದ ಭಾವವನ್ನು ಒಂದೇ ಪದದಲ್ಲಿ ಬರೆದಿಡಿ. ಆಮೇಲೆ ಪುಸ್ತಕ ತೆರೆದು ಅದೇ ಪದ್ಯವನ್ನು ನೀವೇ ಗಟ್ಟಿಯಾಗಿ ಓದಿ. ಬರೆದದ್ದನ್ನು ಹೊಡೆದುಹಾಕಬೇಕೆನಿಸಿದರೆ, ಹಾಗೆನ್ನಿಸಿದ ಪದದ ಕೆಳಗೆ ಒಂದು ಗೆರೆ ಎಳೆಯಿರಿ.