ಸಾಣೆಗೂ ಅದೇ, ಸರಕ್ಕೂ ಅದೇ

2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ ಮೊಜಾಂಬಿಕ್ ದೇಶದ ಒಂದು ಮಾಣಿಕ್ಯ 3.48 ಕೋಟಿ ಡಾಲರಿಗೆ ಹೋಯಿತು. ತೂಕ 55.22 ಕ್ಯಾರೆಟ್, ಅಂದರೆ ಸುಮಾರು 11 ಗ್ರಾಂ. ಅದರಲ್ಲಿ ಇದ್ದದ್ದು ಅಲ್ಯೂಮಿನಿಯಂ, ಆಮ್ಲಜನಕ, ಮೇಲೊಂದಿಷ್ಟು ಕ್ರೋಮಿಯಂ. ಇದೇ ಅಲ್ಯೂಮಿನಿಯಂ ಆಕ್ಸೈಡು ಮಬ್ಬು ಕಲ್ಲಾಗಿ ಸಿಕ್ಕರೆ ಅದನ್ನು ಕುಟ್ಟಿ ಪುಡಿಮಾಡಿ ಸಾಣೆಗೆ, ಎಮರಿ ಕಾಗದಕ್ಕೆ ಹಾಕುತ್ತಾರೆ. ಖನಿಜದ ಹೆಸರು ಕುರಂದ. ಗಡಸುತನದ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಇದಕ್ಕೆ 9. ನಮ್ಮ ಹಳೆ ಮೈಸೂರು ಸೀಮೆಯಲ್ಲೂ ಸಿಗುತ್ತದೆ.

ಅಪ್ಪಟ ಕುರಂದಕ್ಕೆ ಬಣ್ಣವೇ ಇಲ್ಲ. ಅದರ ಹರಳಿನಲ್ಲಿ ಅಲ್ಯೂಮಿನಿಯಂ ಕೂರಬೇಕಾದ ಕೆಲವು ಕಡೆ ಕ್ರೋಮಿಯಂ ಸೇರಿಕೊಂಡರೆ ಕೆಂಪು. ಕ್ರೋಮಿಯಂ ತುಸು ದೊಡ್ಡದು, ಜಾಗ ಇಕ್ಕಟ್ಟು. ಆ ಒತ್ತಡದಲ್ಲಿ ಅದರ ಇಲೆಕ್ಟ್ರಾನುಗಳು ಬೆಳಕಿನಿಂದ ನೇರಳೆಯನ್ನೂ ಹಳದಿ ಹಸಿರನ್ನೂ ಹೀರಿಕೊಂಡು ಕೆಂಪನ್ನು ಹೊರಗೆ ಬಿಡುತ್ತವೆ. ಪಚ್ಚೆಗೆ ಹಸಿರು ಕೊಡುವುದೂ ಹೆಚ್ಚಾಗಿ ಇದೇ ಕ್ರೋಮಿಯಂ! ಅಲ್ಲಿ ಅದು ಕೂತಿರುವುದು ಬೆರಿಲ್ ಎಂಬ ಬೇರೆ ಖನಿಜದಲ್ಲಿ. ಸುತ್ತಲ ಪರಮಾಣುಗಳ ಹಿಡಿತ ಅಷ್ಟು ಬಿಗಿಯಲ್ಲ, ಹೀರುವ ಬಣ್ಣಗಳೂ ಬದಲಾಗುತ್ತವೆ. ಇನ್ನು ಕುರಂದದಲ್ಲಿ ಕ್ರೋಮಿಯಂ ಬದಲು ಕಬ್ಬಿಣ ಮತ್ತು ಟೈಟಾನಿಯಂ ಜೋಡಿ ಸೇರಿದರೆ ಅದು ಇಂದ್ರನೀಲ. ಮಾಣಿಕ್ಯ ಸೂರ್ಯನಿಗೆ, ನೀಲ ಶನಿಗೆ ಎಂದು ನಾವು ಉಂಗುರದಲ್ಲಿ ದೂರ ಇಟ್ಟಿರುವ ಎರಡೂ ಒಂದೇ ಖನಿಜ.

ಮಾಣಿಕ್ಯಕ್ಕೆ ಇನ್ನೊಂದು ಗುಣವಿದೆ. ಹೀರಿಕೊಂಡ ಬೆಳಕಿನಲ್ಲಿ ಒಂದು ಪಾಲನ್ನು ಅದು ಮತ್ತೆ ಕೆಂಪಾಗಿಯೇ ಹೊರಹಾಕುತ್ತದೆ. ಬರ್ಮಾದ ಮೊಗೋಕ್ ಕಣಿವೆಯ ಕಲ್ಲುಗಳು ಬಿಸಿಲಿಗೆ ಹಿಡಿದರೆ ಕೆಂಡದ ಹಾಗೆ ಕಾಣುವುದು ಇದರಿಂದ. ಕಬ್ಬಿಣ ಹೆಚ್ಚಿದ್ದರೆ ಈ ಕಾಂತಿ ಅಡಗಿಹೋಗುತ್ತದೆ. ಮೊಗೋಕ್‌ನ ಮಾಣಿಕ್ಯ ಹುಟ್ಟಿದ್ದು ಕಬ್ಬಿಣ ತೀರ ಕಡಿಮೆ ಇರುವ ಅಮೃತಶಿಲೆಯಲ್ಲಿ. ಥಾಯ್ಲೆಂಡಿನದು ಮೇಲೆ ಬಂದದ್ದು ಕಬ್ಬಿಣ ಹೇರಳವಾಗಿರುವ ಬಸಾಲ್ಟ್ ಲಾವಾದ ಜೊತೆ. ಹಾಗಾಗಿ ಥಾಯ್ ಕಲ್ಲು ಸಾಮಾನ್ಯವಾಗಿ ಕಪ್ಪು ಬೆರೆತ ಕೆಂಪು.

ಮಾಣಿಕ್ಯ ಅಪರೂಪ ಯಾಕೆ? ಅಲ್ಯೂಮಿನಿಯಂ ನೆಲದಲ್ಲಿ ಬೇಕಾದಷ್ಟಿದೆ. ಆದರೆ ಸಿಲಿಕಾ ಅದಕ್ಕಿಂತ ಹೆಚ್ಚಿದೆ. ಎರಡೂ ಸೇರಿದ ಕಡೆ ಫೆಲ್ಡ್‌ಸ್ಪಾರ್, ಕಾಗೆಬಂಗಾರ ಇಂಥವೇ ಆಗುತ್ತವೆ, ಕುರಂದ ಆಗುವುದಿಲ್ಲ. ಕ್ರೋಮಿಯಂ ಇರುವುದೋ ಸಾಮಾನ್ಯವಾಗಿ ಅಲ್ಯೂಮಿನಿಯಂ ಕಡಿಮೆ ಇರುವ ಶಿಲೆಗಳಲ್ಲಿ. ಸಿಲಿಕಾ ದೂರವಿದ್ದು ಇವೆರಡು ಒಂದೆಡೆ ಕೂಡುವ ಸಂದರ್ಭ ಬಲು ಕಡಿಮೆ. ಭೂಖಂಡಗಳು ಡಿಕ್ಕಿ ಹೊಡೆದು ಹಿಮಾಲಯ ಏಳುವಾಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಸುಣ್ಣಕಲ್ಲು ಅಮೃತಶಿಲೆಯಾದಾಗ ಮೊಗೋಕ್‌ನಲ್ಲಿ ಅಂಥ ಯೋಗ ಕೂಡಿಬಂತು.

ಹಾಗೆಂದು ಕೆಂಪೆಲ್ಲ ಮಾಣಿಕ್ಯವಲ್ಲ. ಬ್ರಿಟನ್ ದೊರೆಗಳ ಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಅಸಲಿಗೆ ಸ್ಪಿನೆಲ್ ಎಂಬ ಬೇರೆ ಖನಿಜ. ಅದರ ಕೆಂಪಿಗೂ ಕ್ರೋಮಿಯಂ ಕಾರಣ, ಹಾಗಾಗಿ ಕಣ್ಣು ಮೋಸಹೋಗುವುದು ಸಹಜ. ಮಾಣಿಕ್ಯ ಒಂದು ದಿಕ್ಕಿನಿಂದ ನೇರಳೆಗೆಂಪು, ಇನ್ನೊಂದು ದಿಕ್ಕಿನಿಂದ ಕಿತ್ತಳೆಗೆಂಪು. ಸ್ಪಿನೆಲ್ ಎಲ್ಲಿಂದ ನೋಡಿದರೂ ಒಂದೇ.

1902ರಲ್ಲಿ ಫ್ರಾನ್ಸಿನ ಒಗಸ್ತ್ ವೆರ್ನೊಯ್ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದ. ಅಲ್ಯೂಮಿನಿಯಂ ಆಕ್ಸೈಡಿನ ಪುಡಿಗೆ ಕ್ರೋಮಿಯಂ ಬೆರೆಸಿ 2000 ಡಿಗ್ರಿ ಸೆಲ್ಸಿಯಸ್ ಮೀರಿದ ಉರಿಯ ಮೂಲಕ ಉದುರಿಸಿದರೆ ಕೆಲವೇ ಗಂಟೆಗಳಲ್ಲಿ ಮಾಣಿಕ್ಯ ಬೆಳೆಯುತ್ತದೆ ಎಂದು ತೋರಿಸಿದ. ಗಾಜಲ್ಲ, ನಕಲಿಯೂ ಅಲ್ಲ. ರಾಸಾಯನಿಕವಾಗಿ ಅದು ಮಾಣಿಕ್ಯವೇ. ಕೈಗಡಿಯಾರಗಳ ಒಳಗೆ ‘ಜ್ಯುವೆಲ್’ ಎಂದು ಕೂತದ್ದು ಇಂಥವು. 1960ರಲ್ಲಿ ಥಿಯೊಡೋರ್ ಮೈಮನ್ ಹೊತ್ತಿಸಿದ ಮೊದಲ ಲೇಸರಿನ ಎದೆಯಲ್ಲೂ ಇದ್ದದ್ದು ತಯಾರಿಸಿದ ಮಾಣಿಕ್ಯ. ಗಣಿಯ ಕಲ್ಲಿಗಿಂತ ಎಷ್ಟೋ ಶುದ್ಧ, ಬೆಲೆ ಮಾತ್ರ ತೀರ ಅಗ್ಗ.

ಹಾಗಾದರೆ ಕೋಟಿಗಟ್ಟಲೆ ಕೊಡುವವರು ಕೊಡುವುದು ಅಂದಕ್ಕಷ್ಟೇ ಅಲ್ಲ, ಹುಟ್ಟಿಗೆ. ಹುಟ್ಟಿನ ಸಾಕ್ಷಿ ಇರುವುದು ಕಲ್ಲಿನ ದೋಷಗಳಲ್ಲಿ. ವೆರ್ನೊಯ್ ಕಲ್ಲಿನೊಳಗೆ ಬಿಲ್ಲಿನಂತೆ ಬಾಗಿದ ಗೆರೆಗಳು, ಗಾಳಿಗುಳ್ಳೆಗಳು. ನೆಲದಲ್ಲಿ ಬೆಳೆದದ್ದರಲ್ಲಿ ನೇರ ಗೆರೆಗಳು, ಬೇರೆ ಖನಿಜಗಳ ಕಣಗಳು, ರೂಟೈಲ್ ಎಂಬ ಖನಿಜದ ಸೂಜಿಯೆಳೆಗಳು. ಕುಲುಮೆಯಲ್ಲಿ ಹೆಚ್ಚು ಕಾಯಿಸಿದರೆ ಈ ಎಳೆಗಳು ಕರಗುತ್ತವೆ, ಆದ್ದರಿಂದ ಅವು ಇಡಿಯಾಗಿದ್ದರೆ ಕಲ್ಲಿಗೆ ಅಷ್ಟು ಉರಿ ತಾಗಿಲ್ಲ ಎಂದು ಪರೀಕ್ಷಕರು ಊಹಿಸುತ್ತಾರೆ. ಎಳೆಗಳು ಮೂರು ದಿಕ್ಕಿಗೆ ಒತ್ತಾಗಿ ಜೋಡಿಸಿಕೊಂಡಿದ್ದರೆ, ಕಲ್ಲನ್ನು ಗುಮ್ಮಟದಂತೆ ಉಜ್ಜಿದಾಗ ಮೇಲೆ ಆರು ಕಿರಣದ ನಕ್ಷತ್ರ ಮೂಡುತ್ತದೆ. ಕರ್ನಾಟಕದ ಮಾಣಿಕ್ಯ ಹೆಚ್ಚಾಗಿ ಈ ಬಗೆಯದು. ಬೆಳಕು ಹಾಯದಷ್ಟು ದಟ್ಟ, ಬೆಲೆಯೂ ಬರ್ಮಾದ ಹತ್ತಿರ ಸುಳಿಯುವುದಿಲ್ಲ. ನನ್ನನ್ನು ಕೇಳಿದರೆ ನೋಡಲು ಇದೇ ಹೆಚ್ಚು ಸೊಗಸು.

ಪೇಟೆಯ ಮಾಣಿಕ್ಯಗಳಲ್ಲಿ ಬಹುಪಾಲು ಬಣ್ಣ ಸುಧಾರಿಸಲೆಂದು ಕಾಯಿಸಿದವೇ. ಹೇಳಿ ಮಾರಿದರೆ ಅದೇನೂ ತಪ್ಪಲ್ಲ, ಆ ಬಣ್ಣ ಉಳಿಯುತ್ತದೆ. ತಕರಾರು ಇರುವುದು ಸುಮಾರು ಎರಡು ದಶಕಗಳಿಂದ ಬರುತ್ತಿರುವ ಇನ್ನೊಂದು ಬಗೆಯ ಬಗ್ಗೆ: ಬಿರುಕು ತುಂಬಿದ ಕೀಳು ಕಲ್ಲಿಗೆ ಸೀಸದ ಗಾಜು ಕರಗಿಸಿ ತುಂಬಿದ್ದು. ಕೊಳ್ಳುವಾಗ ತಿಳಿಯಾಗಿ ಹೊಳೆಯುತ್ತದೆ. ಓಲೆಯನ್ನು ನಿಂಬೆರಸದಲ್ಲಿ ತೊಳೆದರೆ ಕುರಂದಕ್ಕೆ ಏನೂ ಆಗುವುದಿಲ್ಲ. ಗಾಜನ್ನು ಹುಳಿ ತಿಂದುಹಾಕಿ, ಮುಚ್ಚಿದ್ದ ಬಿರುಕುಗಳು ಬೆಳ್ಳಗೆ ಎದ್ದು ಕಾಣುತ್ತವೆ.