ಕಥೆಗಳು ಕಾಯ್ದ ಊರು

ಮಳೆಗಾಲದ ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಅಜ್ಜಿಯಂದಿರು ಹೇಳುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಗದ್ದೆಗೆ ಪಟ್ಟೆಯುಂಟು, ಮನೆಗೆ ತೆರಿಗೆಯ ರಶೀದಿಯುಂಟು. ಆ ಕಥೆಗಳಿಗೆ ಮಾತ್ರ ಯಾವ ಕಚೇರಿಯಲ್ಲಿಯೂ ದಾಖಲೆಯಿಲ್ಲ. ಆದಕಾರಣ ಅವುಗಳಿಗೆ ಬೆಲೆಯಿಲ್ಲವೆಂದೇ ತಿಳಿಯುವುದು ವಾಡಿಕೆ. ಆದರೆ ಬಾಯಿಂದ ಬಾಯಿಗೆ ಬಂದ ಅಂಥ ಕಥೆಗಳನ್ನೇ ಮುಂದಿಟ್ಟುಕೊಂಡು ತನ್ನನ್ನು ತಾನು ಉಳಿಸಿಕೊಂಡ ಊರೊಂದು ಅಮೆರಿಕದಲ್ಲಿದೆ. ಅದರ ಹೆಸರು ಈಟನ್‌ವಿಲ್. ಅಲ್ಲಿ ವರ್ಷವರ್ಷವೂ ಜನವರಿ ತಿಂಗಳಿನಲ್ಲಿ ನಡೆಯುವ ಕಲಾಮಹೋತ್ಸವದ ಹಿನ್ನೆಲೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಊರು ಹುಟ್ಟಿದ ಬಗೆ

ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾ ರಾಜ್ಯದಲ್ಲಿ, ಒರ್ಲಾಂಡೊ ನಗರದಿಂದ ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಈ ಚಿಕ್ಕ ಊರಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 2,300. ಆ ದೇಶದಲ್ಲಿ ಗುಲಾಮಗಿರಿಯು ಕಾನೂನಿನಿಂದ ಕೊನೆಗೊಂಡುದು 1865ರಲ್ಲಿ. ಅದಾಗಿ 22 ವರ್ಷಗಳ ತರುವಾಯ, 1887ರ ಆಗಸ್ಟ್ 15ರಂದು, 27 ಮಂದಿ ಕಪ್ಪು ಜನಾಂಗದ ಮತದಾರರು ಒಂದೆಡೆ ಸೇರಿ, ತಮ್ಮ ಊರನ್ನು ತಾವೇ ಆಳಿಕೊಳ್ಳುವುದಾಗಿ ಮತ ಹಾಕಿ ನಿರ್ಣಯಿಸಿದರು. ಪುರಾಧ್ಯಕ್ಷ, ಕಾವಲಿನವ, ಅಂಗಡಿಯವ, ಅಧ್ಯಾಪಕ ಎಲ್ಲರೂ ಅವರವರೇ. ಇಂತಹ ಸ್ವಯಮಾಡಳಿತವನ್ನು ಪಡೆದ ಮೊದಮೊದಲ ಕಪ್ಪು ಊರುಗಳಲ್ಲಿ ಈಟನ್‌ವಿಲ್ ಒಂದು.

ಈ ಊರಿನಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಇದ್ದುದು ಜೋ ಕ್ಲಾರ್ಕ್ ಎಂಬವರ ಅಂಗಡಿ ಮತ್ತು ಅದರ ಜಗಲಿ. ಸಂಜೆ ಕೆಲಸದಿಂದ ಮರಳಿದವರು ಆ ಜಗಲಿಯಲ್ಲಿ ಕುಳಿತು ಒಬ್ಬರನ್ನೊಬ್ಬರು ಮೀರಿಸುವಂತೆ ಕಥೆ ಕಟ್ಟುತ್ತಿದ್ದರು. ಬಲಿಷ್ಠ ಪ್ರಾಣಿಗಳನ್ನು ಮೋಸಗೊಳಿಸುವ ಮೊಲದ ಕಥೆ, ಧಣಿಯನ್ನು ಜಾಣತನದಿಂದ ಸೋಲಿಸುವ ಜಾನ್ ಎಂಬ ಗುಲಾಮನ ಕಥೆ, ದೇವರೂ ಸೈತಾನನೂ ವಾದಕ್ಕಿಳಿಯುವ ಕಥೆ. ಗುಲಾಮರಿಗೆ ಅಕ್ಷರ ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿದ್ದ ಕಾಲವೊಂದಿತ್ತು. ಪುಸ್ತಕವನ್ನು ಕಸಿದುಕೊಂಡ ಮೇಲೂ ಕಸಿಯಲಾಗದೆ ಉಳಿದ ಸೊತ್ತು ನೆನಪು ಒಂದೇ. ಎದುರು ನಿಂತು ಆಡಲಾಗದ ಮಾತನ್ನು ಅವರು ಮೊಲದ ಬಾಯಿಯಿಂದ ಆಡಿಸಿದರು.

ಜೋರಾ ಎಂಬ ಹುಡುಗಿ

ಅಂಗಡಿಗೆ ಸಾಮಾನು ತರಲೆಂದು ಕಳುಹಿಸಿದರೆ, ಆ ಜಗಲಿಯ ಬಳಿ ಕಾಲೆಳೆಯುತ್ತ ನಿಂತು ಕಥೆಗಳಿಗೆ ಕಿವಿಗೊಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಆಕೆಯೇ ಮುಂದೆ ಪ್ರಸಿದ್ಧಳಾದ ಜೋರಾ ನೀಲ್ ಹರ್ಸ್ಟನ್. 1891ರಲ್ಲಿ ಅಲಬಾಮಾದಲ್ಲಿ ಹುಟ್ಟಿ, ಎಳವೆಯಲ್ಲಿಯೇ ಈಟನ್‌ವಿಲ್‌ಗೆ ಬಂದವಳು. ತಂದೆ ಧರ್ಮೋಪದೇಶಕರು, ಊರಿನ ಪುರಾಧ್ಯಕ್ಷರೂ ಆಗಿದ್ದವರು. 1904ರಲ್ಲಿ ತಾಯಿ ತೀರಿಕೊಂಡ ಮೇಲೆ ಮನೆ ಒಡೆಯಿತು, ಓದು ನಿಂತಿತು. 26ರ ಪ್ರಾಯದಲ್ಲಿ ಬಾಲ್ಟಿಮೋರ್ ನಗರದಲ್ಲಿ ಉಚಿತ ಶಾಲೆಗೆ ಸೇರಲೆಂದು ಆಕೆ ತನ್ನ ವಯಸ್ಸನ್ನು ಹತ್ತು ವರ್ಷ ಕಡಿಮೆ ಮಾಡಿ ಹೇಳಿದಳು. ಶಾಲಾ ದಾಖಲೆ ಬರೆಯುವವನಾದ ನಾನು ಇದನ್ನು ಸರಿಯೆನ್ನಲಾರೆ. ಆದರೆ ಕಲಿಕೆಯ ಹಸಿವು ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಪದವಿ ಪಡೆದುದು 1928ರಲ್ಲಿ. ಅಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅವರ ಮಾರ್ಗದರ್ಶನ ದೊರೆಯಿತು. ಜನಪದ ಕಥೆಗಳನ್ನು ಸಂಗ್ರಹಿಸುವ ಕೆಲಸಕ್ಕೆ ಆಕೆ ತನ್ನ ಹುಟ್ಟೂರೆಂದೇ ಭಾವಿಸಿದ ಈಟನ್‌ವಿಲ್‌ನ ಆ ಜಗಲಿಗೇ ಮರಳಿದಳು. 1935ರಲ್ಲಿ ಆ ಸಂಗ್ರಹ 'ಮ್ಯೂಲ್ಸ್ ಆ್ಯಂಡ್ ಮೆನ್' ಎಂಬ ಗ್ರಂಥವಾಯಿತು. 1937ರಲ್ಲಿ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಕಾದಂಬರಿ ಬಂದಿತು. ತನ್ನ ಜನ ಆಡುವ ಮಾತನ್ನು ತಿದ್ದದೆ, ಅದರ ಲಯದೊಡನೆಯೇ ಆಕೆ ಬರೆದಳು. ಇದಕ್ಕೆ ಮೆಚ್ಚುಗೆಯೂ ಬಂತು, ನಿಂದೆಯೂ ಬಂತು. ಕಪ್ಪು ಜನಾಂಗದ ಲೇಖಕರಲ್ಲಿಯೇ ಕೆಲವರು, ರಿಚರ್ಡ್ ರೈಟ್ ಅವರಂಥವರು, ಇದು ಬಿಳಿಯರ ವಿನೋದಕ್ಕೆ ಒದಗುವ ಬರಹವೆಂದು ಆಕ್ಷೇಪಿಸಿದರು.

ಕೊನೆಗಾಲ ಕಷ್ಟದಲ್ಲಿ ಕಳೆಯಿತು. 1960ರ ಜನವರಿಯಲ್ಲಿ ಫ್ಲಾರಿಡಾದ ಕಲ್ಯಾಣಗೃಹವೊಂದರಲ್ಲಿ ಆಕೆ ನಿಧನಹೊಂದಿದಾಗ ಪುಸ್ತಕಗಳು ಅಚ್ಚಿನಲ್ಲಿರಲಿಲ್ಲ, ಗೋರಿಗೆ ಕಲ್ಲಿರಲಿಲ್ಲ. ಆಕೆಯ ಕಾಗದಪತ್ರಗಳಿಗೆ ಬೆಂಕಿಯಿಟ್ಟಿದ್ದನ್ನು ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರು ಕಂಡು ಆರಿಸಿ ಉಳಿಸಿದರು. ಅಂಚು ಸುಟ್ಟ ಆ ಹಾಳೆಗಳು ಇಂದು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿವೆ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಹುಲ್ಲು ಬೆಳೆದ ಸ್ಮಶಾನದಲ್ಲಿ ಹುಡುಕಾಡಿ ಗೋರಿಯ ಮೇಲೆ ಕಲ್ಲು ನೆಡಿಸಿದರು. ಆ ಕಲ್ಲಿನ ಮೇಲೆ ಹುಟ್ಟಿದ ವರ್ಷ 1901 ಎಂದಿದೆ. ಶಾಲೆಗಾಗಿ ಹೇಳಿದ ಹತ್ತು ವರ್ಷದ ಸುಳ್ಳು ಕಲ್ಲಿನಲ್ಲಿಯೂ ಉಳಿದುಕೊಂಡಿತು.

ರಸ್ತೆ ಬಂದಾಗ

ಊರಿಗೆ ಸಂಕಟ ಬಂದುದು 1987ರಲ್ಲಿ, ಅದರ ನೂರನೆಯ ವರ್ಷದಲ್ಲಿ. ಊರ ನಡುವಿನ ಎರಡು ಸಾಲಿನ ರಸ್ತೆಯನ್ನು ಐದು ಸಾಲಿಗೆ ಅಗಲಿಸುವ ಯೋಜನೆಯನ್ನು ಜಿಲ್ಲಾಡಳಿತ ಮುಂದಿಟ್ಟಿತು. ಅಷ್ಟು ಅಗಲದ ರಸ್ತೆ ಬಂದರೆ ಅಂತಹ ಸಣ್ಣ ಊರು ಇಬ್ಭಾಗವಾಗಿ ವಾಹನಗಳು ಹಾಯುವ ದಾರಿಯಷ್ಟೇ ಆಗುವುದೆಂಬುದು ಸ್ಪಷ್ಟ. ಆ ಊರಿಗಿದ್ದ ಶ್ರೀಮಂತಿಕೆ ಜೋರಾ ಬರೆದಿಟ್ಟ ಕಥೆಗಳು. ಅದನ್ನೇ ಊರವರು ಹೊರತಂದರು. 1988ರಲ್ಲಿ ಊರಿನ ರಕ್ಷಣೆಗಾಗಿ ಸಂಘ ಕಟ್ಟಿದರು. 1990ರ ಜನವರಿಯಲ್ಲಿ ಜೋರಾ ಹೆಸರಿನ ಕಲಾಮಹೋತ್ಸವವನ್ನು ಮೊದಲ ಬಾರಿಗೆ ನಡೆಸಿದರು. ಅದೇ ವರ್ಷ ಆಫ್ರಿಕ ಮೂಲದ ಕಲಾವಿದರ ಕೃತಿಗಳಿಗಾಗಿ ಆಕೆಯ ಹೆಸರಿನ ಕಲಾ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಇಲ್ಲಿರುವುದು ಬರಿಯ ಮನೆಗಳಲ್ಲ, ಒಂದು ಜನಾಂಗದ ನೆನಪು ಎಂಬುದು ಹೊರಗಿನವರಿಗೂ ತಿಳಿಯಿತು. ಐದು ಸಾಲಿನ ರಸ್ತೆಯ ಯೋಜನೆ ಕೈಬಿಟ್ಟುಹೋಯಿತು. 1998ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಉತ್ಸವದಲ್ಲಿ ಚಿತ್ರಪ್ರದರ್ಶನ, ಸಂಗೀತ, ನಾಟಕ, ವಿದ್ವಾಂಸರ ಗೋಷ್ಠಿ, ಕರಕುಶಲ ವಸ್ತುಗಳ ಮಳಿಗೆ, ಮನೆಯಡುಗೆ ಎಲ್ಲವೂ ಉಂಟು. ಶಾಲಾಮಕ್ಕಳಿಗೂ ಅದರಲ್ಲಿ ಸ್ಥಾನವಿದೆಯೆಂಬುದು ಅಧ್ಯಾಪಕನಾದ ನನಗೆ ವಿಶೇಷವಾಗಿ ಹಿಡಿಸಿದ ಸಂಗತಿ. 2020ರಿಂದ 2024ರ ವರೆಗೆ ಕಪ್ಪು ಜನರ ಕಲ್ಪನೆಯ ಭವಿಷ್ಯಕಾಲವನ್ನೇ ಉತ್ಸವದ ವಿಷಯವಾಗಿ ಇರಿಸಿಕೊಂಡಿದ್ದರು. ಹಿಂದಿನದನ್ನು ಕಾಯುವವರು ಮುಂದಿನದನ್ನೂ ನೋಡಬಲ್ಲರು.

ಹಾಗೆಂದು ಹೋರಾಟ ಮುಗಿಯಿತೆಂದಲ್ಲ. ಕಪ್ಪು ಮಕ್ಕಳಿಗಾಗಿ 1897ರಲ್ಲಿ ಆರಂಭವಾದ ಹಂಗರ್‌ಫರ್ಡ್ ಶಾಲೆ ಕಾಲಕ್ರಮದಲ್ಲಿ ಮುಚ್ಚಿತು, ಕಟ್ಟಡಗಳನ್ನು ಕೆಡವಿದರು. ಸುಮಾರು ನೂರು ಎಕರೆಯ ಆ ಭೂಮಿಯನ್ನು ಮಾರುವ ಒಪ್ಪಂದ ಊರವರ ವಿರೋಧದಿಂದಾಗಿ 2023ರಲ್ಲಿ ರದ್ದಾಯಿತು. 2024ರಲ್ಲಿ ಆ ದೇಶದ ಪರಂಪರೆ ರಕ್ಷಣಾ ಸಂಸ್ಥೆಯೊಂದು ಅಪಾಯದಲ್ಲಿರುವ 11 ಸ್ಥಳಗಳ ಪಟ್ಟಿಯಲ್ಲಿ ಈ ಊರನ್ನೂ ಹೆಸರಿಸಿತು.

ನಮ್ಮ ಜಗಲಿ

ಅವರ ಚರಿತ್ರೆ ಬೇರೆ, ನಮ್ಮದು ಬೇರೆ. ಗುಲಾಮಗಿರಿಯ ನೋವಿಗೆ ನಮ್ಮ ಗಡಿನಾಡಿನ ಕಷ್ಟಗಳನ್ನು ಹೋಲಿಸುವುದು ಉಚಿತವಲ್ಲ. ಆದರೂ ಆಕೆಯ ವೃತ್ತಾಂತವನ್ನು ಓದಿದಾಗ ನನಗೆ ನನ್ನ ತರಗತಿಯ ನೆನಪಾಯಿತು. ಈ ಕಾಸರಗೋಡಿನ ನಾಡಿನಲ್ಲಿ ಮಕ್ಕಳು ಮನೆಯಲ್ಲಿ ಆಡುವುದು ತುಳು, ಹವ್ಯಕ, ಮರಾಟಿ, ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ. ವರ್ಷಗಳ ಹಿಂದೆ ಮೂರನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಅಜ್ಜಿಯ ಕಥೆಯೊಂದನ್ನು ಅಜ್ಜಿಯ ಮಾತಿನಲ್ಲಿಯೇ ಆರಂಭಿಸಿದ. "ಸರಿಯಾದ ಭಾಷೆಯಲ್ಲಿ ಹೇಳು" ಎಂದೆ. ಅವನು ಕುಳಿತುಬಿಟ್ಟ. ಆ ಕಥೆ ಏನಾಗಿತ್ತೋ ನನಗೆ ಇಂದಿಗೂ ತಿಳಿಯದು.

ಶಿಷ್ಟಭಾಷೆಯನ್ನು ಕಲಿಸಲೇಬೇಕು, ಅದು ನಮ್ಮ ಕರ್ತವ್ಯ. ಆದರೆ ಅದಕ್ಕಾಗಿ ಮನೆಮಾತಿನ ಬಾಯಿ ಮುಚ್ಚಿಸಬೇಕಾಗಿಲ್ಲ. ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟಿದ್ದೇನೆ. ಮಕ್ಕಳು ತಮ್ಮ ಹಿರಿಯರಿಂದ ಕೇಳಿದ ಕಥೆಯನ್ನು, ಹೇಳಿದವರ ಹೆಸರು ಮತ್ತು ಊರಿನೊಡನೆ, ಹೇಳಿದ ಮಾತಿನಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಾರೆ. ಶನಿವಾರ ಸಂಜೆ ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಶಾಲೆಗೆ ಕರೆಸಿ ಕಥೆ ಹೇಳಿಸುತ್ತೇವೆ. ಇದುವರೆಗೆ 31 ಕಥೆಗಳು ಕೂಡಿವೆ. ಓದುಗ ಬಂಧುಗಳು ತಂತಮ್ಮ ಮನೆಗಳಲ್ಲಿಯೂ ಇಂತಹ ಪುಸ್ತಕವೊಂದನ್ನು ಇಂದೇ ಆರಂಭಿಸಲಿ. ಹೇಳುವವರು ಬಹುಕಾಲ ಕಾದಿರಲಾರರು.