ಇಪ್ಪತ್ತರವರೆಗೆ ಎಣಿಸುವ ಮಗುವಿಗೆ ‘ಮೂರು’ ಎಂದರೆ ಗೊತ್ತೇ?

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಒಂದು ಮನೆಯ ಜಗುಲಿ ಮೇಲೆ ಕುಳಿತಿದ್ದೆವು. ಮೂರು ವರ್ಷದ ಹುಡುಗಿ ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಹೇಳಿದಳು. ಆಮೇಲೆ ಒನ್, ಟೂ, ತ್ರೀ ಕೂಡ ಆಯಿತು. ಹುಣಸೆ ಬೀಜದ ತಟ್ಟೆಯನ್ನು ಅವಳ ಮುಂದಿಟ್ಟು “ಒಂದು ಕೊಡು ಪುಟ್ಟಿ” ಎಂದೆವು. ಒಂದೇ ಕೊಟ್ಟಳು. “ಮೂರು ಕೊಡು” ಎಂದಾಗ ಮುಷ್ಟಿ ತುಂಬ ತೆಗೆದುಕೊಟ್ಟಳು. ಅವಳ ಅಮ್ಮನ ಮುಖ ಸಣ್ಣದಾಯಿತು. “ಎಲ್ಲಾ ಬತ್ತದೆ ಮೇಡಂ, ಈಗ ಆಟ ಆಡ್ತಾವ್ಳೆ” ಎಂದರು.

ಅವಳು ಆಟ ಆಡುತ್ತಿರಲಿಲ್ಲ. ದಡ್ಡಿಯೂ ಅಲ್ಲ. ಆ ವಯಸ್ಸಿನ ಬಹಳಷ್ಟು ಮಕ್ಕಳು ಮಾಡುವುದೇ ಹಾಗೆ.

ಸಂಖ್ಯೆಯ ಅರಿವು ಪಾಠದಿಂದಲೇ ಶುರುವಾಗುವುದಲ್ಲ. 1992ರಲ್ಲಿ ಕರೆನ್ ವಿನ್ ಎಂಬ ಮನೋವಿಜ್ಞಾನಿ ಐದು ತಿಂಗಳ ಕೂಸುಗಳಿಗೆ ಒಂದು ಗೊಂಬೆ ತೋರಿಸಿ, ಪರದೆಯಿಂದ ಮರೆಮಾಡಿ, ಕೂಸಿನ ಕಣ್ಣೆದುರೇ ಇನ್ನೊಂದು ಗೊಂಬೆಯನ್ನು ಪರದೆಯ ಹಿಂದೆ ಇಟ್ಟರು. ಪರದೆ ತೆಗೆದಾಗ ಒಂದೇ ಗೊಂಬೆ ಇದ್ದರೆ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಇದನ್ನು ‘ಕೂಡುವ ಲೆಕ್ಕ’ ಎನ್ನಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಆದರೆ ಏನೋ ಕಡಿಮೆಯಾಗಿದೆ ಎಂಬುದು ಕೂಸಿಗೆ ಹೊಳೆದಂತಿದೆ. ದೊಡ್ಡ ಗುಂಪುಗಳಲ್ಲಿ ಅಂದಾಜು ಕೆಲಸ ಮಾಡುತ್ತದೆ. ಆರು ತಿಂಗಳ ಕೂಸು 8 ಚುಕ್ಕಿಗೂ 16 ಚುಕ್ಕಿಗೂ ಇರುವ ವ್ಯತ್ಯಾಸ ಗುರುತಿಸುತ್ತದೆ. 8 ಮತ್ತು 12 ಇಟ್ಟರೆ ಗುರುತಿಸುವುದಿಲ್ಲ ಎಂದು 2000ದಲ್ಲಿ ಫೇ ಶು ಮತ್ತು ಎಲಿಜಬೆತ್ ಸ್ಪೆಲ್ಕಿ ತೋರಿಸಿದರು.

ಹಾಗಾದರೆ ಮೂರು ವರ್ಷಕ್ಕೆ ‘ಮೂರು’ ಏಕೆ ಕಷ್ಟ? ಏಕೆಂದರೆ ಒಂದು, ಎರಡು, ಮೂರು ಎಂಬ ಸಾಲು ಮಗುವಿಗೆ ಮೊದಲು ಬರುವುದು ಹಾಡಿನ ಹಾಗೆ. ಪ್ರತಿ ಪದಕ್ಕೂ ಒಂದು ಪ್ರಮಾಣವಿದೆ ಎಂಬುದು ಆಮೇಲೆ, ಒಂದೊಂದಾಗಿ ಬರುತ್ತದೆ. ಸಾಮಾನ್ಯವಾಗಿ ಎರಡೂವರೆಯಿಂದ ಮೂರು ವರ್ಷದೊಳಗೆ ‘ಒಂದು’ ಅರ್ಥವಾಗುತ್ತದೆ. ಆಗ ಒಂದಕ್ಕಿಂತ ಹೆಚ್ಚು ಏನು ಕೇಳಿದರೂ ಕೈಗೆ ಸಿಕ್ಕಷ್ಟು ಕೊಡುತ್ತವೆ. ಕೆಲವು ತಿಂಗಳ ನಂತರ ‘ಎರಡು’, ಮತ್ತೆ ಕೆಲವು ತಿಂಗಳಿಗೆ ‘ಮೂರು’. ಮೂರೂವರೆ, ನಾಲ್ಕರ ಹೊತ್ತಿಗೆ ಹಲವು ಮಕ್ಕಳಿಗೆ ದೊಡ್ಡ ಗುಟ್ಟು ಸಿಕ್ಕಿಬಿಡುತ್ತದೆ: ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ. ಅಲ್ಲಿಂದ ಮುಂದೆ ಐದು ಕೇಳಿದರೂ ಏಳು ಕೇಳಿದರೂ ಎಣಿಸಿಯೇ ಕೊಡುತ್ತವೆ. ವಯಸ್ಸಿನಲ್ಲಿ ಆರೆಂಟು ತಿಂಗಳು ಆಚೀಚೆ ಆಗುವುದು ಮಾಮೂಲು.

ಭಾಷೆಗೂ ಇಲ್ಲಿ ಪಾತ್ರವಿದೆ. ಹನ್ನೊಂದು, ಹದಿಮೂರು ಎಂಬ ಪದಗಳಲ್ಲಿ ‘ಹತ್ತು’ ಅಡಗಿಕೊಂಡಿದೆ, ಮಗುವಿನ ಕಿವಿಗೆ ಅದು ಸುಲಭಕ್ಕೆ ಸಿಗದು. ಇಪ್ಪತ್ತು ದಾಟಿದರೆ ಕನ್ನಡ ಸಲೀಸು: ಇಪ್ಪತ್ತೊಂದು, ಇಪ್ಪತ್ತೆರಡು. ಕಿರುಗಾವಲಿನ ಎಷ್ಟೋ ಮನೆಗಳ ಮಾತಾದ ಉರ್ದುವಿನಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಪದವನ್ನೂ ಬಾಯಿಪಾಠವೇ ಮಾಡಬೇಕು. ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಆದರೆ ಮಗುವಿನ ತಲೆ ಕೆಡುತ್ತದೆಯೇ? ಅಮೆರಿಕದಲ್ಲಿ ಎರಡು ಭಾಷೆಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಪ್ರಕಾರ ‘ಎರಡು’, ‘ಮೂರು’ ಮುಂತಾದ ಸಣ್ಣ ಪದಗಳ ಅರ್ಥವನ್ನು ಪ್ರತಿ ಭಾಷೆಯಲ್ಲೂ ಬೇರೆ ಬೇರೆಯಾಗಿ ಕಲಿಯಬೇಕು. ಆದರೆ ಎಣಿಕೆಯ ಗುಟ್ಟು ಒಂದು ಭಾಷೆಯಲ್ಲಿ ತಿಳಿದರೆ ಇನ್ನೊಂದಕ್ಕೂ ದಾಟುತ್ತದೆ.

ಪದ ಯಾವುದಾದರೇನು, ಕ್ರಮ ಬದಲಾಗಬಾರದು, ಅಷ್ಟೇ. ಭತ್ತ ಅಳೆಯುವಾಗ ನಮ್ಮ ಹಿರಿಯರು ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡಿ ಎರಡು, ಮೂರು ಎನ್ನುತ್ತಿದ್ದರಲ್ಲ, ಯಾರ ಲೆಕ್ಕವೂ ತಪ್ಪಲಿಲ್ಲ.

ಮಗು ಸಾಲಾಗಿ ಹೇಳುವುದನ್ನು ಕೇಳಿ ಖುಷಿಪಡುವುದರಲ್ಲಿ ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಥ ಹಿಂದೆ ಉಳಿಯುತ್ತದೆ. ಮೇಜಿನ ಮೇಲೆ ನಾಲ್ಕು ಮಾವಿನಹಣ್ಣಿದ್ದರೆ ಮುಟ್ಟಿ ಎಣಿಸಿ, ಕೊನೆಗೆ “ನಾಲ್ಕು ಹಣ್ಣಿದೆ” ಎಂದು ಒಟ್ಟು ಹೇಳಿ. ಮಾವಿನ ತೋಪುಗಳಿರುವ ಕಿರುಗಾವಲಿನಲ್ಲಿ ಇದಕ್ಕೆ ಖರ್ಚೂ ಇಲ್ಲ. ಊಟಕ್ಕೆ ತಟ್ಟೆ ಇಡುವ ಕೆಲಸ ಮಗುವಿಗೇ ಬಿಡಿ. ಹಾವು ಏಣಿ, ಚೌಕಾಬಾರ, ಅಳಗುಳಿಮಣೆ ಆಡಿಸಿ. ಒಂದರಿಂದ ಹತ್ತರವರೆಗೆ ಸಾಲಾಗಿ ಮನೆಗಳಿದ್ದ ಹಲಗೆಯಾಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ 15–20 ನಿಮಿಷ ಆಡಿದ ಬಡ ಕುಟುಂಬಗಳ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತು ಎಂದು 2008ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು.

ಹಾಗೆಂದು ಆಟ ಮಾಯಮಂತ್ರವಲ್ಲ. ದೆಹಲಿಯ ಬಾಲವಾಡಿಗಳ ಮಕ್ಕಳಿಗೆ ಗಣಿತದ ಆಟ ಆಡಿಸಿದ 2017ರ ದೊಡ್ಡ ಅಧ್ಯಯನದಲ್ಲಿ ಅಂದಾಜಿನ ಸಾಮರ್ಥ್ಯ ಹೆಚ್ಚಿ, ವರ್ಷದ ನಂತರವೂ ಉಳಿಯಿತು. ಶಾಲೆಯ ಲೆಕ್ಕದಲ್ಲಿ ಮಾತ್ರ ಲಾಭ ನಿಲ್ಲಲಿಲ್ಲ. ಆಟವನ್ನು ಅಂಕಿಯ ಹೆಸರಿಗೆ, ಬರಹಕ್ಕೆ ಜೋಡಿಸದಿದ್ದರೆ ಅದು ಆಟವಾಗಿಯೇ ಉಳಿಯುತ್ತದೆ ಎಂದು ನಾವು ಇದನ್ನು ಓದುತ್ತೇವೆ.

ಇನ್ನು ‘ಲೆಕ್ಕ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪು. ಡಿಸ್‌ಕ್ಯಾಲ್ಕುಲಿಯಾ ಎಂಬ ಕಲಿಕೆಯ ತೊಂದರೆ ನಿಜವೇ, ಆದರೆ ಅದನ್ನು ಸಾಮಾನ್ಯವಾಗಿ ಗುರುತಿಸುವುದು ಶಾಲೆ ಸೇರಿ ಕೆಲವು ವರ್ಷ ಲೆಕ್ಕ ಕಲಿತ ಮೇಲೆ. ಮೂರು ವರ್ಷದ ಮಗು ಮುಷ್ಟಿ ತುಂಬ ಬೀಜ ಕೊಟ್ಟಿತೆಂದು ಆ ಹೆಸರು ಅಂಟಿಸಲು ಆಧಾರವಿಲ್ಲ.

ಹೊರಡುವ ಮುನ್ನ ಆ ಹುಡುಗಿಗೆ “ಎರಡು ಕೊಡು” ಎಂದು ಕೇಳಿದೆವು. ಒಂದು ಬೀಜ ಎತ್ತಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ಕೈಯಿಂದ ಮತ್ತೊಂದು ಎತ್ತಿದಳು.